ಹೆಂಗಸರ ಕಡೆಯ ಫೋಲ್ಡರ್

ಚನ್ನಗಿರಿಯಲ್ಲಿ ನನ್ನದು ಕಂಪ್ಯೂಟರ್ ಮತ್ತು ನೆಟ್‌ವರ್ಕ್ ಕೆಲಸ. ಅಡಿಕೆ ಮಂಡಿಗಳಿಗೆ ಕ್ಯಾಮೆರಾ ಕೂರಿಸುವುದು, ಶಾಲೆಗಳ ಲ್ಯಾಬಿಗೆ ವೈರು ಎಳೆಯುವುದು, ಆಫೀಸುಗಳ ಸರ್ವರಿನಲ್ಲಿ ಯಾರಿಗೆ ಯಾವ ಫೈಲು ಕಾಣಬೇಕು, ಯಾರಿಗೆ ಕಾಣಬಾರದು ಎಂದು ಹೊಂದಿಸುವುದು. ಈ ಕೊನೆಯ ಕೆಲಸ ನನಗೆ ಯಾವಾಗಲೂ ಬೇಸರದ್ದು. ಹೆಸರು ಹುಡುಕು, ಪಕ್ಕದ ಚೌಕದಲ್ಲಿ ಟಿಕ್ ಹಾಕು, ಮುಂದಿನ ಹೆಸರಿಗೆ ಹೋಗು. ಅದರಲ್ಲಿ ಬೆರಗಾಗುವಂಥದ್ದು ಏನಾದರೂ ಇದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆ ಫೋಟೋ ಸ್ಟುಡಿಯೋದವರು ಕರೆಯುವವರೆಗೂ ಹಾಗೇ ಇದ್ದೆ.

ಅದು ಗಂಡ ಹೆಂಡತಿ ಸೇರಿ ನಡೆಸುವ ಸ್ಟುಡಿಯೋ. ಅಂಗಡಿ ಗಂಡನಿಗೆ ತಂದೆಯಿಂದ ಬಂದದ್ದು. ಮದುವೆಯ ಫೋಟೋ, ವಿಡಿಯೋ ಮುಖ್ಯ ಕಸುಬು. ಹೆಂಡತಿ ಮನೆಯಲ್ಲೇ ಗಂಡನಿಂದ ಕ್ಯಾಮೆರಾ ಕಲಿತವರು. ಅವರ ಕಡೆಯ ಮುಸ್ಲಿಂ ಮನೆಗಳಲ್ಲಿ ಮೆಹಂದಿ, ಹಳದಿ ನಡೆಯುವ ಒಳಮನೆಗೆ ಗಂಡಸು ಫೋಟೋಗ್ರಾಫರ್ ಕಾಲಿಡುವ ಹಾಗಿಲ್ಲ. ಹಾಗಾಗಿ ಮದುವೆಯ ಅರ್ಧ ಸಂಭ್ರಮಕ್ಕೆ ಫೋಟೋನೇ ಇರುತ್ತಿರಲಿಲ್ಲ. ಆ ಅರ್ಧವನ್ನು ಇವರು ಹಿಡಿಯತೊಡಗಿದರು. ಮೊದಲು ಚನ್ನಗಿರಿಯಲ್ಲಿ, ಆಮೇಲೆ ಹೊನ್ನಾಳಿ, ನ್ಯಾಮತಿಗಳಲ್ಲಿ ಬೇಡಿಕೆ ಬಂತು. ಅಲ್ಲೆಲ್ಲ ಒಬ್ಬೊಬ್ಬ ಹೆಂಗಸಿಗೆ ಕ್ಯಾಮೆರಾ ಕಲಿಸಿದರು. ಜಗಳೂರಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ, ಹತ್ತಿರದ ಸೊಕ್ಕೆ ಹಳ್ಳಿಯ ಹೆಂಗಸೊಬ್ಬರು ಮದುಮಗಳಿಗೆ ಅಲಂಕಾರ ಮಾಡುವುದರ ಜೊತೆಗೆ ಫೋಟೋ ತೆಗೆಯುವುದನ್ನೂ ಕಲಿತರು. ಅಲ್ಲೂ ಒಂದು ಶಾಖೆಯಾಯಿತು. ನಾಲ್ಕೂ ಊರಿನ ಫೋಟೋಗಳು ಇಂಟರ್ನೆಟ್ ಮೂಲಕ ಚನ್ನಗಿರಿಯ ಅಂಗಡಿಯ ಮೂಲೆಯಲ್ಲಿದ್ದ ಒಂದು ಕಪ್ಪು ಪೆಟ್ಟಿಗೆಗೆ ಬಂದು ಬೀಳುತ್ತಿದ್ದವು. ಅದೇ ಸರ್ವರ್. ಮಾರಿದವರು ಅದನ್ನು ಎಲ್ಲರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟು ಚಾಲೂ ಮಾಡಿ ಹೋಗಿದ್ದರು.

ಹೀಗಿದ್ದಾಗ ನ್ಯಾಮತಿಯ ಒಂದು ಮದುವೆಯಲ್ಲಿ ಆಗಬಾರದ್ದು ಆಯಿತು. ಊಟದ ಹೊತ್ತಿಗೆ ದೊಡ್ಡ ಪರದೆಯ ಮೇಲೆ ಫೋಟೋಗಳನ್ನು ಓಡಿಸುವುದಿತ್ತು. ಅದನ್ನು ಜೋಡಿಸುವ ಹೊನ್ನಾಳಿ ಶಾಖೆಯ ಕೆಲಸಗಾರ ಸರ್ವರಿನಲ್ಲಿ ಆ ಮದುವೆಯ ಹೆಸರಿನಲ್ಲಿ ಏನೇನು ಸಿಕ್ಕಿತೋ ಎಲ್ಲವನ್ನೂ ಸೇರಿಸಿದ್ದ. ಮೆಹಂದಿಯ ಫೋಟೋಗಳೂ ಬಂದವು. ಮದುಮಗಳ ಚಿಕ್ಕಮ್ಮ ಕೂದಲು ಬಿಚ್ಚಿ, ತಲೆ ಮೇಲೆ ತಟ್ಟೆ ಇಟ್ಟುಕೊಂಡು ಕುಣಿಯುತ್ತಿರುವ ಫೋಟೋ ಹಾಲ್ ತುಂಬ ಗಂಡಸರ ಎದುರು ಬಂದು ನಿಂತಿತು. ಕೂಡಲೇ ಪರದೆ ಆರಿಸಿದರು. ಆದರೆ ಹೆಂಗಸರ ಕಡೆ ಊಟಕ್ಕೆ ಕೂತಿದ್ದ ಆ ಚಿಕ್ಕಮ್ಮ, ಸುದ್ದಿ ಮುಟ್ಟಿದ ಕೂಡಲೇ ಮುಖದ ಮೇಲೆ ಸೆರಗು ಎಳೆದುಕೊಂಡು ಊಟ ಮಾಡದೆ ಎದ್ದು ಹೋದರಂತೆ.

ಮರುದಿನ ಸ್ಟುಡಿಯೋದ ಅಕ್ಕ ಅವರ ಮನೆಗೆ ಕ್ಷಮೆ ಕೇಳಲು ಹೋದರು. ಯಜಮಾನರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಚಿಕ್ಕಮ್ಮ ಬೈಯಲಿಲ್ಲವಂತೆ. ಚಹಾ ಕೊಟ್ಟು, "ನೀನು ಹೆಂಗಸು ಅಂತ ನಂಬಿ ಕುಣಿದೆ ಕಣಮ್ಮ" ಎಂದಷ್ಟೇ ಅಂದರಂತೆ.

ಆ ವಾರವೇ ನನ್ನನ್ನು ಕರೆಸಿದರು. ಯಜಮಾನರು ಪೆಟ್ಟಿಗೆ ತೋರಿಸಿ, "ಇದಕ್ಕೆ ಬಂದೋಬಸ್ತ್ ಮಾಡಿಕೊಡ್ರಿ ಸರ್. ಹೆಂಗಸ್ರ ಕಡೆ ಫೋಟೋ ಗಂಡಸ್ರಿಗೆ ಯಾರಿಗೂ ಕಾಣಬಾರ್ದು" ಎಂದರು.

"ಆಯ್ತು. ನಿಮಗೆ, ಅಕ್ಕಗೆ, ಆ ಮೂರೂ ಊರಿನ ಹೆಂಗಸ್ರಿಗೆ ಮಾತ್ರ ಕಾಣೋ ಹಂಗೆ ಮಾಡ್ತೀನಿ."

"ನನಗ್ಯಾಕೆ ರೀ?"

"ನೀವು ಮಾಲೀಕರಲ್ವಾ?"

"ಮಾಲೀಕ ಆದ್ರೇನು, ಗಂಡಸಲ್ವಾ ನಾನು?" ಎಂದರು ಅವರು.

ಎಷ್ಟೋ ಆಫೀಸುಗಳಲ್ಲಿ ಈ ಕೆಲಸ ಮಾಡಿದ್ದೇನೆ. ಎಲ್ಲ ಕಡೆಯೂ ಮೇಲಿನವರು ಕೇಳುವುದು ಒಂದೇ: ನನಗೆ ಎಲ್ಲ ಕಾಣಬೇಕು. ತನ್ನದೇ ಅಂಗಡಿಯಲ್ಲಿ ತನಗೆ ಬಾಗಿಲು ಹಾಕಿ ಎಂದು ಕೇಳಿದವರನ್ನು ಅವತ್ತೇ ಮೊದಲು ಕಂಡದ್ದು. ಕೈಯಲ್ಲಿದ್ದ ಲ್ಯಾಪ್‌ಟಾಪ್ ತೆರೆಯುವುದನ್ನು ಮರೆತು ಅವರ ಮುಖ ನೋಡುತ್ತ ನಿಂತೆ. ಅವರಿಗೆ ಅದೇನೂ ದೊಡ್ಡ ಮಾತಾಗಿರಲಿಲ್ಲ. ಆಗಲೇ ಗಿರಾಕಿಯೊಬ್ಬರಿಗೆ ಪಾಸ್‌ಪೋರ್ಟ್ ಫೋಟೋ ಕತ್ತರಿಸಿ ಕೊಡುತ್ತಿದ್ದರು.

ಕೆಲಸ ಶುರುವಾಯಿತು. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೆಸರು, ಪಾಸ್‌ವರ್ಡ್ ಕೊಟ್ಟೆ. ಊರಿಗೊಂದು ಗುಂಪು ಮಾಡಿದೆ, ಫೋಟೋ ತೆಗೆಯುವ ಹೆಂಗಸರದ್ದೇ ಇನ್ನೊಂದು ಗುಂಪು. ಹೆಂಗಸರ ಕಡೆಯ ಫೋಟೋಗಳಿಗೆ ಪ್ರತ್ಯೇಕ ಫೋಲ್ಡರ್ ತೆರೆದು, ಅದರ ಮುಂದೆ ಊರುಗಳ ಗುಂಪಿಗೆಲ್ಲ 'ತಡೆ' ಎಂಬ ಚೌಕಕ್ಕೆ ಟಿಕ್ ಹಾಕಿ, ಹೆಂಗಸರ ಗುಂಪಿಗೆ ಮಾತ್ರ ಅನುಮತಿ ಕೊಟ್ಟೆ. ಆಮೇಲೆ ಊರೂರಿಗೆ ಹೋಗಿ ಕಂಪ್ಯೂಟರುಗಳನ್ನು ಸರಿಮಾಡಿದೆ. ಹೊನ್ನಾಳಿ, ನ್ಯಾಮತಿ ಒಂದೇ ದಿನಕ್ಕೆ ಮುಗಿದವು. ಜಗಳೂರಿಗೆ ದಾವಣಗೆರೆ ದಾಟಿ ಹೋಗಬೇಕು, ಅದಕ್ಕೇ ಒಂದು ದಿನ ಹಿಡಿಯಿತು.

ವಾಪಸ್ ಬರುವಾಗ ಬಸ್ಸು ತ್ಯಾವಣಿಗೆ ತಲುಪುವಷ್ಟರಲ್ಲಿ ಜಗಳೂರಿನ ಆ ಹೆಂಗಸು ಫೋನ್ ಮಾಡಿದರು. "ಸರ್, ನಾನು ತೆಗೆದ ಫೋಟೋನೇ ನನಗೆ ನೋಡಾಕೆ ಬಿಡ್ತಾ ಇಲ್ಲ ಇದು!"

ಕೂತಲ್ಲೇ ಯೋಚಿಸಿದೆ. ತಪ್ಪು ಹೊಳೆಯಿತು. ಅವರು ಹೆಂಗಸರ ಗುಂಪಿನಲ್ಲೂ ಇದ್ದರು, ಜಗಳೂರಿನ ಗುಂಪಿನಲ್ಲೂ ಇದ್ದರು. ಒಂದು ಕಡೆ ತಡೆ ಎಂದಿದ್ದರೆ ಮುಗಿಯಿತು, ಇನ್ನೊಂದು ಕಡೆ ಎಷ್ಟು ಅನುಮತಿ ಇದ್ದರೂ ಸರ್ವರ್ ಒಳಗೆ ಬಿಡುವುದಿಲ್ಲ. ಚನ್ನಗಿರಿಗೆ ಬಂದವನೇ ಸ್ಟುಡಿಯೋಗೆ ಹೋಗಿ ತಡೆಗಳನ್ನೆಲ್ಲ ತೆಗೆದು ಚೌಕಗಳನ್ನು ಖಾಲಿ ಬಿಟ್ಟೆ. ಅಕ್ಕ ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

"ಖಾಲಿ ಬಿಟ್ರೆ ಎಲ್ರೂ ಒಳಗೆ ಬರಲ್ವಾ?"

"ಇಲ್ಲಕ್ಕ. ಬಾ ಅಂತ ಬರೆದಿದ್ರೆ ಮಾತ್ರ ಬರಬಹುದು. ಏನೂ ಬರೀದೆ ಇದ್ರೆ ಬಾಗಿಲು ಹಾಕಿದಂಗೇ."

"ಅಂದ್ರೆ ಯಾರಿಗೂ ಬ್ಯಾಡ ಅನ್ನೋದೇ ಬೇಕಿಲ್ಲ. ಬೇಕಾದೋರ್ನ ಕರೆದ್ರೆ ಸಾಕು," ಎಂದು ಅವರು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಇದನ್ನೆಲ್ಲ ಮಾಡ್ತಿರೋರು ನೀವು. ನಿಮಗೆ ಕಾಣಲ್ವಾ?"

ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ನನಗೆ ಕೇಳಿರಲಿಲ್ಲ. ವೈರು ಎಳೆಯುವವನಿಗೂ ಕಣ್ಣಿವೆ ಎಂಬುದು ಯಾರ ನೆನಪಿಗೂ ಬರುವುದಿಲ್ಲ. ಇದ್ದದ್ದನ್ನು ಹೇಳಿದೆ. "ಕಾಣುತ್ತೆ ಅಕ್ಕ. ಅಡ್ಮಿನ್ ಅಂತ ಒಬ್ರು ಇರ್ತಾರೆ. ಅವರು ಯಾವ ಬಾಗಿಲನ್ನಾದ್ರೂ ತೆಗೀಬಹುದು. ಸದ್ಯಕ್ಕೆ ಅದು ನಾನು."

"ಹಂಗಾದ್ರೆ ಆ ಅಡ್ಮಿನ್ ನಾನೇ ಆಗ್ತೀನಿ. ಕಲಿಸ್ರಿ."

ಕಲಿಸಿದೆ. ಮಧ್ಯಾಹ್ನದ ನಮಾಜು ಮುಗಿಸಿ, ಗಿರಾಕಿಗಳು ಕಡಿಮೆ ಇರುವ ಹೊತ್ತಿನಲ್ಲಿ ಅವರು ಬಂದು ಕೂರುತ್ತಿದ್ದರು. ಒಬ್ಬರ ಹತ್ತಿರವೇ ಕೀಲಿ ಇದ್ದರೆ ನಾಳೆ ಅವರು ಮರೆತರೆ ಕಷ್ಟ ಎಂದು ನಾನು ಹೇಳಿದ್ದಕ್ಕೆ ಜಗಳೂರಿನ ಹೆಂಗಸನ್ನೂ ಕರೆಸಿಕೊಂಡರು. ಅವರು ಬಸ್ಸಿನಲ್ಲಿ ಬರುವಾಗ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಬರುತ್ತಿದ್ದರು. ಇಬ್ಬರೂ ಸುಲಭಕ್ಕೆ ಕಲಿಯಲಿಲ್ಲ. ಇಂಗ್ಲಿಷಿನ ಪದಗಳು ಅಡ್ಡ ಬರುತ್ತಿದ್ದವು. ಹೊಸ ಹೆಸರು ಸೇರಿಸಿ ಉಳಿಸುವುದನ್ನು ಮರೆಯುತ್ತಿದ್ದರು. ಒಂದು ದಿನ ಅಕ್ಕ ಯಾವುದೋ ಚೌಕ ಒತ್ತಿದ್ದಕ್ಕೆ ಮುಂದಿನ ಕೌಂಟರಿನಲ್ಲಿದ್ದ ಯಜಮಾನರ ಕಂಪ್ಯೂಟರಿನಿಂದ ಎಲ್ಲ ಫೋಲ್ಡರುಗಳೂ ಮಾಯವಾದವು. "ಅಂಗಡಿಯಿಂದಾನೇ ಹೊರಗೆ ಹಾಕಿದ್ರಲ್ರೀ ನನ್ನ!" ಎಂದು ಅವರು ಅಲ್ಲಿಂದಲೇ ಕೂಗಿದರು. ಇಬ್ಬರು ಹೆಂಗಸರೂ ಬಾಯಿಗೆ ಸೆರಗು ಒತ್ತಿ ನಕ್ಕರು. ಆಮೇಲೆ ಅದನ್ನು ಸರಿಪಡಿಸಿದ್ದೂ ಅವರೇ, ನಾನು ಕೈ ಹಚ್ಚಲಿಲ್ಲ.

ಕೊನೆಗೆ ಕೆಲಸ ಒಪ್ಪಿಸುವ ದಿನ ಬಂತು. ಆ ಫೋಲ್ಡರಿಗೆ ಇನ್ನೊಂದು ಬಿಗಿ ಬೀಗವನ್ನೂ ಹಾಕುವುದಿತ್ತು. ಆ ಬೀಗ ಬಿದ್ದರೆ ಯಾರಾದರೂ ಡಿಸ್ಕನ್ನೇ ಕಿತ್ತುಕೊಂಡು ಹೋದರೂ ಅವರಿಗೆ ಸಿಗುವುದು ಅರ್ಥವಿಲ್ಲದ ಅಕ್ಷರಗಳ ರಾಶಿ ಮಾತ್ರ. ಎಲ್ಲಿ ಏನು ಒತ್ತಬೇಕೆಂದು ತೋರಿಸಿ, ನಾನು ಯಜಮಾನರ ಜೊತೆ ಹೊರಗೆ ಬಂದೆ. ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ಮುಗಿಸುವ ಹೊತ್ತಿಗೆ ಅಕ್ಕ ಬಾಗಿಲಿಗೆ ಬಂದು, "ಆತು, ಬರ್ರಿ. ಈಗ ನೋಡ್ರಿ ಕಾಣುತ್ತಾ" ಎಂದರು.

ನನ್ನ ಹಳೆಯ ಅಡ್ಮಿನ್ ಪಾಸ್‌ವರ್ಡ್ ಹಾಕಿದೆ. ತಪ್ಪು ಎಂದಿತು. ರಿಪೇರಿ ಕೆಲಸಕ್ಕೆಂದು ಅವರು ನನಗೆ ಕೊಟ್ಟಿದ್ದ ಹೊಸ ಹೆಸರಿನಿಂದ ಒಳಗೆ ಹೋದೆ. ಬಿಲ್ಲುಗಳ ಫೋಲ್ಡರ್ ಇತ್ತು, ಗಂಡಸರ ಕಡೆಯ ಮದುವೆ ಫೋಟೋಗಳಿದ್ದವು, ಹಾಡುಗಳಿದ್ದವು. ಹೆಂಗಸರ ಫೋಲ್ಡರ್ ಮಾತ್ರ ಇರಲಿಲ್ಲ. ಮುಚ್ಚಿಕೊಂಡು ಕಂಡದ್ದಲ್ಲ, ಅಂಥದ್ದೊಂದು ಇದ್ದ ಗುರುತೇ ಇರಲಿಲ್ಲ. ಅದನ್ನು ಹುಟ್ಟಿಸಿ ಹೆಸರಿಟ್ಟವನು ನಾನು. ಒಂದು ಗೋಡೆಯನ್ನು ನಾನೇ ಕಟ್ಟಿ, ನಾನೇ ಅದರ ಹೊರಗೆ ನಿಂತಿದ್ದೆ. ಕಟ್ಟಿದ್ದು ಇಷ್ಟು ಗಟ್ಟಿಯಾಗಿದೆಯಲ್ಲ ಎಂಬ ಖುಷಿಗಿಂತ ಹೆಚ್ಚಿನದೇನೋ ಒಂದು ಎದೆಯಲ್ಲಿ ತುಂಬಿತು.

ಯಜಮಾನರು ತಮ್ಮ ಕಂಪ್ಯೂಟರಿನಲ್ಲಿ ಆ ಫೋಲ್ಡರಿನ ಹೆಸರನ್ನು ಟೈಪ್ ಮಾಡಿ ನೋಡಿದರು. 'ನಿಮಗೆ ಅನುಮತಿ ಇಲ್ಲ' ಎಂಬ ಅರ್ಥದ ಇಂಗ್ಲಿಷ್ ಸಾಲು ಬಂತು. ಅದನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು, ಬಂದವರಿಗೆಲ್ಲ ತೋರಿಸುತ್ತ ಓಡಾಡಿದರು. ನ್ಯಾಮತಿಯ ಆ ಮದುಮಗಳ ಮನೆಗೂ ಕಳಿಸಿದರು. ಮುಂದೆ ಆ ಚಿಕ್ಕಮ್ಮ ತಮ್ಮ ಮಗಳ ಮೆಹಂದಿಗೆ ಅಕ್ಕನನ್ನೇ ಕರೆದರು. ಅವತ್ತು ಅವರು ಕುಣಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ.

ನನಗೆ ನಿಜಕ್ಕೂ ಆಶ್ಚರ್ಯವಾದದ್ದು ಆಮೇಲೆ. ಇಂಥದ್ದೊಂದು ಫೋಲ್ಡರ್ ಇದೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಗಂಡು ಹೆಣ್ಣು ಒಟ್ಟಿಗೇ ಕೂತು ಊಟ ಮಾಡುವ ಲಿಂಗಾಯತರ ಮನೆಗಳಿಂದಲೂ, ಸೂಳೆಕೆರೆ ಸುತ್ತಿನ ಹಳ್ಳಿಗಳಿಂದಲೂ ಹೆಂಗಸರು ಅಕ್ಕನನ್ನು ಕರೆಯತೊಡಗಿದರು. ಆಲ್ಬಂಗೆ ಬೇರೆ ಫೋಟೋ, ಹೆಂಗಸರ ಫೋಲ್ಡರಿಗೆ ಬೇರೆ. ಪರ್ದಾ ಪದ್ಧತಿಯೇ ಇಲ್ಲದವರಿಗೂ ಹಾಕಿಕೊಳ್ಳಲು ಒಂದು ಬಾಗಿಲು ಬೇಕಿತ್ತು ಎಂಬುದು ನನ್ನ ಊಹೆಗೂ ಬಂದಿರಲಿಲ್ಲ.

ಒಂದು ದಿನ ಅಕ್ಕ ಫೋನ್ ಮಾಡಿ, "ಜಾಗ ತುಂಬೈತಂತೆ, ಕೆಂಪು ದೀಪ ಉರೀತೈತೆ" ಎಂದರು. ಹೋಗಿ ದೊಡ್ಡ ಡಿಸ್ಕುಗಳನ್ನು ಹಾಕಿಕೊಟ್ಟೆ. ಅದಲುಬದಲು ಮಾಡುವಾಗ ತುಂಬಿದ ಒಂದು ಡಿಸ್ಕನ್ನು ಅಂಗೈ ಮೇಲೆ ಇಟ್ಟುಕೊಂಡು ನಿಂತೆ. ಇನ್ನೂ ಬೆಚ್ಚಗಿತ್ತು. ನಾಲ್ಕು ತಾಲ್ಲೂಕಿನ ಹೆಂಗಸರ ನಗು, ಹಾಡು, ಬಿಚ್ಚಿದ ಕೂದಲು, ಕೆಸರಿನಂತೆ ಮೆತ್ತಿಕೊಂಡ ಅರಿಸಿನ ಎಲ್ಲವೂ ಅದರೊಳಗೆ. ನಾನು ಹುಟ್ಟಿ ಬೆಳೆದ ಸೀಮೆಯಲ್ಲಿ ನಾನು ಯಾವತ್ತೂ ಕಾಣದ ಇನ್ನೊಂದು ಸೀಮೆ ನನ್ನ ಕೈಯಲ್ಲಿತ್ತು. ಬೀಳಿಸಿಬಿಟ್ಟೇನು ಎಂಬ ಹೆದರಿಕೆಯಿಂದ ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟೆ.

ನನ್ನ ತಂಗಿಗೆ ಕುಬಸ, ಎಂದರೆ ಸೀಮಂತ, ನಮ್ಮ ಮನೆಯಲ್ಲೇ ಆಯಿತು. ಒಳಗೆ ಬಾಗಿಲು ಹಾಕಿಕೊಂಡ ಹೆಂಗಸರ ಫೋಟೋ, ವಿಡಿಯೋ ಅಕ್ಕನೇ ತೆಗೆದರು. ನಾನು ಶಾಮಿಯಾನದ ಕೆಳಗೆ ಊಟಕ್ಕೆ ಬಡಿಸುವ ಗಡಿಬಿಡಿಯಲ್ಲಿದ್ದೆ. ಕೆಲವು ದಿನ ಕಳೆದ ಮೇಲೆ ತಂಗಿ ಮಾತಿನ ನಡುವೆ, "ಅಣ್ಣಾ, ಅವ್ವ ಎಷ್ಟು ಚೆಂದ ಕುಣೀತಾಳೆ ಗೊತ್ತಾ!" ಎಂದುಬಿಟ್ಟಳು.

ನಾನು ನಂಬಲಿಲ್ಲ. ಅವ್ವ ದನಿ ಏರಿಸಿ ಮಾತಾಡಿದವಳಲ್ಲ. ನಕ್ಕರೆ ತುಟಿ ಮಾತ್ರ ಅಲುಗುತ್ತಿತ್ತು. ಹಬ್ಬದ ಮನೆಯಲ್ಲೂ ಒಲೆ ಬಿಟ್ಟು ಈಚೆ ಬಂದವಳಲ್ಲ. ತಡೆಯಲಾರದೆ ಸ್ಟುಡಿಯೋಗೆ ಹೋದೆ. "ಅಕ್ಕಾ, ನಮ್ಮವ್ವನ ಫೋಟೋ ಒಂದೇ ಒಂದು ತೋರಿಸ್ರಿ."

ಅಕ್ಕ ಕಂಪ್ಯೂಟರಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಅವ್ರನ್ನ ಕೇಳ್ರಿ. ಹೂಂ ಅಂದ್ರೆ ಈಗ್ಲೇ ಕಳಿಸ್ತೀನಿ."

ಮನೆಗೆ ಬಂದೆ. ಅವ್ವ ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಕೂತು ಒಂದೆರಡು ಕಾಯಿ ಬಿಡಿಸಿ, "ಕುಬಸದ ದಿನ ಕುಣಿದ್ಯಂತೆ?" ಎಂದೆ.

"ಯಾರು ಹೇಳಿದ್ರು?"

"ತಂಗಿ. ಸ್ಟುಡಿಯೋದ ಅಕ್ಕ ನೀನು ಹೂಂ ಅಂದ್ರೆ ತೋರಿಸ್ತಾರಂತೆ."

"ಬ್ಯಾಡ."

"ಯಾಕವ್ವ? ನಾನೇನು ಹೊರಗಿನವನಾ?"

ಅವ್ವ ಕೈಯಲ್ಲಿದ್ದ ಸಿಪ್ಪೆ ಕೆಳಗೆ ಹಾಕಿದಳು. ಸಿಟ್ಟಿರಲಿಲ್ಲ. "ನೀನು ನೋಡ್ತೀಯ ಅಂತ ಗೊತ್ತಿದ್ರೆ ಕುಣೀತಾನೇ ಇರ್ಲಿಲ್ಲ ಕಣಪ್ಪ. ಯಾರಿಗೂ ಕಾಣಲ್ಲ ಅಂದ್ರು, ಅದಕ್ಕೇ ಎದ್ದೆ."

ನಾನು ಮತ್ತೆ ಕೇಳಲಿಲ್ಲ. ಬೇಜಾರಾಗಲಿಲ್ಲವೇ ಎಂದರೆ ಒಂದು ಗಳಿಗೆ ಆಯಿತು. ಆಮೇಲೆ ಆ ಬೇಜಾರಿನ ಜಾಗದಲ್ಲಿ ಬೆರಗು ಬಂದು ಕೂತಿತು. ದಿನವೂ ಅನ್ನ ಬಡಿಸುವ ಕೈ ಕುಣಿಯುವಾಗ ಹೇಗೆ ಬೀಸುತ್ತಿರಬಹುದು ಎಂದು ಊಟಕ್ಕೆ ಕೂತಾಗ ನೋಡುತ್ತೇನೆ. ಊಹೆಗೆ ಸಿಗುವುದಿಲ್ಲ.

ಬಾಣಂತನ ಮುಗಿಸಿಕೊಂಡು ಹೋಗಿದ್ದ ತಂಗಿ ಮೊನ್ನೆ ಮಗುವನ್ನು ಕರೆದುಕೊಂಡು ಬಂದಿದ್ದಳು. ಸಂಜೆ ಕೆಲಸ ಮುಗಿಸಿ ನಾನು ಮನೆಗೆ ಬಂದಾಗ ಒಳಕೋಣೆಯ ಬಾಗಿಲು ಹಾಕಿತ್ತು. ಒಳಗೆ ತಂಗಿಯ ಮೊಬೈಲಿನಲ್ಲಿ, ಅವ್ವ ಹೂಂ ಅಂದ ಮೇಲೆ ಅಕ್ಕ ಕಳಿಸಿಕೊಟ್ಟಿದ್ದ ಕುಬಸದ ಹಾಡು, ಚಪ್ಪಾಳೆ. ನಡುವೆ ಒಂದು ದೊಡ್ಡ ನಗು, ಗಂಟಲು ಬಿಚ್ಚಿ ನಕ್ಕದ್ದು. ಅದು ಅವ್ವನದು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಒಳಗೆ ಹೋಗದೆ ಹೊರಗಿನ ಕಟ್ಟೆಯ ಮೇಲೆ ಕೂತೆ. ಅಪ್ಪ ಅಂಗಡಿಯಿಂದ ಎಲೆ ಅಡಿಕೆ ತಗೊಂಡು ಬಂದವರು ಬಾಗಿಲ ಹತ್ತಿರ ನಿಂತು ಕಿವಿಗೊಟ್ಟರು.

"ಒಳಗೇನದು?"

"ಕುಬಸದ ವಿಡಿಯೋ ನೋಡ್ತಾವ್ರೆ. ಅವ್ವ ಕುಣಿದದ್ದು."

ಅಪ್ಪ ಬಂದು ನನ್ನ ಪಕ್ಕ ಕೂತರು. ಎಲೆಗೆ ಸುಣ್ಣ ಹಚ್ಚುತ್ತ, "ಮದುವೆಗೆ ಮುಂಚೆ ಅವರೂರಲ್ಲಿ ಕುಣೀತಿದ್ಲಂತೆ" ಎಂದರು. ಎಲೆ ಮಡಚುತ್ತ, "ನಾನೂ ನೋಡಿಲ್ಲ" ಎಂದರು.