ಸಿಡಿಲಿನ ಮೇಲೆ ಹಾಕಿದ ತಪ್ಪು

ಗಿರಿಜಕ್ಕ, ನಿಮ್ಮ ಯಜಮಾನರ ದನಿಯನ್ನು ಅಳಿಸಿದವನು ನಾನು. ಸಿಡಿಲಲ್ಲ. ನಿಮ್ಮ ಮರೆವೂ ಅಲ್ಲ. ಮೂಡಿಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು, ಬಾಳೂರಿನ ನಿಮ್ಮ ಮನೆಗೆ ತಮ್ಮನ ಹಾಗೆ ಬಂದುಹೋಗುವ ಈ ಸುಧಾಕರನೇ — ಇಷ್ಟು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ಗಂಟಲಿನ ಆಪರೇಷನ್ ಆದರೆ ಮಾತು ಹೋಗುತ್ತದೆ ಎಂದು ಗೊತ್ತಾದಾಗ, ನಿಮ್ಮ ಗೌಡರು ತಮ್ಮ ಲಿನಕ್ಸ್ ಕಂಪ್ಯೂಟರಿನ ಮುಂದೆ ಕೂತು ಮಾತಾಡಿ ಮಾತಾಡಿ ತಮ್ಮ ದನಿಯನ್ನು ಅದರಲ್ಲಿ ತುಂಬಿಟ್ಟಿದ್ದರು. ಕಾಫಿ ತೋಟದ ನೆರಳುಮರಗಳ ಕೊಂಬೆ ಯಾವಾಗ ತೆಗೆಸಬೇಕು, ಮೆಣಸಿನ ಬಳ್ಳಿಗೆ ಏನು ಮಾಡಬೇಕು, ನಡುನಡುವೆ ನಾಯಿಗೆ ಬೈಗುಳ, ನಿಮಗೊಂದು ತಮಾಷೆ. ಅವರು ಹೋದ ಮೇಲೆ ನಿಮಗೆ ಉಳಿದದ್ದು ಆ ದನಿಯೊಂದೇ. ಯಂತ್ರ ಏದುಸಿರು ಬಿಡತೊಡಗಿದಾಗ, ಎಲ್ಲವನ್ನೂ ಹೊಸದಕ್ಕೆ ಹಾಕಿಕೊಡು ಎಂದು ನನಗೆ ಹೇಳಿದಿರಿ.

ಫೈಲುಗಳು ಬಂದವು. ಆದರೆ ಅವನ್ನು ತೆರೆಯುವ ಹಳೆಯ ಪ್ರೋಗ್ರಾಮ್ ಹೊಸ ಲಿನಕ್ಸಿನಲ್ಲಿ ಏಳಲೇ ಇಲ್ಲ. ಅದಕ್ಕೊಂದು ಉಪಾಯವಿದೆ, ಸಿಎಚ್‌ರೂಟ್ ಎನ್ನುತ್ತಾರೆ — ಹೊಸ ಮನೆಯೊಳಗೇ ಹಳೆಯ ಮನೆಯಂಥ ಒಂದು ಕೋಣೆ ಕಟ್ಟಿ ಪ್ರೋಗ್ರಾಮನ್ನು ಅದರಲ್ಲಿ ಕೂರಿಸುವುದು. ತಾನಿನ್ನೂ ಹಳೆಯ ಮನೆಯಲ್ಲೇ ಇದ್ದೇನೆ ಎಂದುಕೊಂಡು ಅದು ಕೆಲಸ ಮಾಡುತ್ತದೆ. ಗೌಡರ ಫೈಲುಗಳು ಕೋಣೆಯ ಹೊರಗಿದ್ದವಲ್ಲ, ಅವು ಕಾಣಲೆಂದು ನಡುವೆ ಒಂದು ಬಾಗಿಲು ತೆರೆದೆ. "ಗಿರಿಜಾ, ಒಲೆ ಆರ್ಸಿದ್ಯೇನೇ?" ಎಂದು ಗೌಡರು ಕೇಳಿದರು. ನೀವು ಎದ್ದು ಹೋಗಿ ನಿಜಕ್ಕೂ ಒಲೆ ನೋಡಿ ಬಂದಿರಿ.

ಅಲ್ಲಿಗೆ ಬಿಡಬಹುದಿತ್ತು. ದನಿ ಸ್ವಲ್ಪ ಗರಗರ ಎನ್ನುತ್ತಿತ್ತು — ನನ್ನ ಕೈಚಳಕ ತೋರಿಸಬೇಡವೇ! ಕೋಣೆಯನ್ನು ಕೆಡವಿ ಇನ್ನೂ ಚೆನ್ನಾಗಿ ಕಟ್ಟೋಣವೆಂದು ಅದರ ಫೋಲ್ಡರನ್ನು ಪೂರ್ತಿ ಅಳಿಸಲು ಕೊಟ್ಟೆ. ಬಾಗಿಲು ಮುಚ್ಚಿರಲಿಲ್ಲ. ಅಳಿಸುವಿಕೆ ಆ ಬಾಗಿಲು ದಾಟಿ ಗೌಡರ ಫೈಲುಗಳನ್ನೂ ಗುಡಿಸಿಕೊಂಡು ಹೋಯಿತು. ಮೊದಲು ಅನ್‌ಮೌಂಟ್ ಮಾಡು, ಅಂದರೆ ಬಾಗಿಲು ಮುಚ್ಚು, ಆಮೇಲೆ ಅಳಿಸು — ಕೆಲಸ ಕಲಿಯಲು ಬಂದವರಿಗೆಲ್ಲ ನಾನೇ ಹೇಳಿಕೊಡುವ ಪಾಠ. ಎಲ್ಲ ಬಂತಲ್ಲ ಎಂದು ಹಳೆಯ ಡಿಸ್ಕನ್ನೂ ಆಗಲೇ ಖಾಲಿ ಮಾಡಿದ್ದೆ. ನೀವು ಅಡಿಗೆಮನೆಯಲ್ಲಿ ನನಗೆ ಕಾಫಿ ಸೋಸುತ್ತಿದ್ದಿರಿ. ಬರಿಯ ಕೋಣೆಯನ್ನು ಪೆನ್‌ಡ್ರೈವಿನಿಂದ ಮತ್ತೆ ಕಟ್ಟಿ, ಏನೂ ಆಗದವನಂತೆ ಕಾಫಿ ಕುಡಿದು ಎದ್ದೆ.

ಆ ಸಂಜೆ ಹೂಮಳೆ ಬಂತು. ಕಾಫಿ ಹೂ ಬಿಡಲೆಂದು ಊರೆಲ್ಲ ಕಾಯುತ್ತಿದ್ದ ಮಳೆ, ಗುಡುಗಿನ ಸಮೇತ. ಮರುದಿನ ನೀವು ಫೋನ್ ಮಾಡಿದಿರಿ. ಪ್ರೋಗ್ರಾಮ್ ತೆರೆಯುತ್ತದೆ, ಒಳಗೆ ಏನೂ ಇಲ್ಲ ಎಂದಿರಿ. ಆಗ ನಾನು ಕೇಳಿದೆ:

"ಅಕ್ಕಾ, ನಿನ್ನೆ ಗುಡುಗು ಬಂದಾಗ ಪ್ಲಗ್ ತೆಗ್ದಿದ್ರಾ?"

ನಮ್ಮ ಕಡೆ ಗುಡುಗಿದರೆ ಮೊದಲು ಪ್ಲಗ್ ಕೀಳಬೇಕೆಂದು ಮಕ್ಕಳಿಗೂ ಗೊತ್ತು. ನೀವು ಮೆಲ್ಲಗೆ ಹೇಳಿದಿರಿ — "ಇಲ್ಲ ಮಾರಾಯ. ಮಳೆ ನೋಡ್ತಾ ಅಂಗಳದಲ್ಲೇ ನಿಂತ್ಬಿಟ್ಟೆ."

ನಾನೇನೂ ಸುಳ್ಳು ಹೇಳಲಿಲ್ಲ, ಬರೀ ಒಂದು ಪ್ರಶ್ನೆ ಕೇಳಿದೆ — ಹೀಗೆಂದು ಎಷ್ಟೋ ಕಾಲ ನನಗೆ ನಾನೇ ಹೇಳಿಕೊಂಡೆ. ಸುಳ್ಳಿಗಿಂತ ಕೆಟ್ಟದ್ದು ಅದು. ನಿಜವಾದ ಕಾರಣ ಗೊತ್ತಿದ್ದೂ ಕೇಳಿದೆ, ಮಿಕ್ಕದ್ದನ್ನು ನೀವೇ ನಿಮ್ಮ ತಲೆಗೆ ಕಟ್ಟಿಕೊಳ್ಳಲಿ ಎಂದು ಬಿಟ್ಟೆ. ನೀವು ಕಟ್ಟಿಕೊಂಡಿರಿ.

ಮೊನ್ನೆ ನಿಮ್ಮಲ್ಲಿಗೆ ಬಂದಾಗ ಗುಡ್ಡದ ಮೇಲೆ ಅಂಗೈಯಷ್ಟು ಮೋಡವಿತ್ತು, ಗುಡುಗಿರಲಿಲ್ಲ. ಆಗಲೇ ಫ್ರಿಜ್, ಟಿವಿ, ಮಿಕ್ಸಿ ಎಲ್ಲದರ ಪ್ಲಗ್ಗೂ ಕಿತ್ತಿಟ್ಟಿದ್ದಿರಿ. ಮೋಡಕ್ಕೇ ಇಷ್ಟು ಹೆದರಿದರೆ ಹೇಗೆ ಎಂದು ತಮಾಷೆ ಮಾಡಲು ನೋಡಿದೆ. ನೀವು ನಗಲಿಲ್ಲ. "ಒಂದ್ಸಲ ಮರ್ತಿದ್ದಕ್ಕೆ ಅವ್ರ ದನಿನೇ ಹೋಯ್ತಲ್ಲ" ಎಂದಿರಿ. ಹೊರಗೆ ಹೂಮಳೆಯ ಮೊದಲ ಹನಿ ಬಿತ್ತು. ನೀವು ಅಂಗಳಕ್ಕೆ ಹೋಗಲಿಲ್ಲ. ಪ್ಲಗ್ಗುಗಳನ್ನು ಕಾಯುತ್ತ ಒಳಗೇ ಕೂತಿರಿ. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ದನಿಯನ್ನು ತಂದುಕೊಡಲಾರೆ, ಅಕ್ಕ. ಸರಿಮಾಡುವ ನೆಪದಲ್ಲಿ ಆಗಲೇ ಎರಡೂ ಡಿಸ್ಕುಗಳನ್ನು ಅಂಗಡಿಗೆ ಒಯ್ದು ಕೆದಕಿ ಕೆದಕಿ ನೋಡಿದ್ದೆ, ಏನೂ ಸಿಗಲಿಲ್ಲ. ನಾಳೆ ಬೆಳಗಿನ ಜೀಪಿಗೆ ಬಂದು, ಈ ಕಾಗದವನ್ನು ನಿಮ್ಮ ಕೈಗಿಟ್ಟು, ಇದನ್ನೆಲ್ಲ ಬಾಯಿಬಿಟ್ಟೂ ಹೇಳುತ್ತೇನೆ. ಬೈಯಿರಿ, ಹೊರಗೆ ಹಾಕಿ, ಇನ್ನು ಕಾಫಿ ಕೊಡಬೇಡಿ. ಆದರೆ ಮುಂದಿನ ಹೂಮಳೆಗೆ ಅಂಗಳದಲ್ಲಿ ನಿಲ್ಲಿ. ಆ ಸಂಜೆ ನೀವು ಮಳೆ ನೋಡುತ್ತ ನಿಂತದ್ದರಲ್ಲಿ ಯಾವ ತಪ್ಪೂ ಇರಲಿಲ್ಲ.