ಬಾಗಿಲಲ್ಲೇ ನಿಂತು ರೋಲರ್ ನೋಡಿದ ಇನಾಮದಾರರು

ಇನಾಮದಾರ ಸಾಹೇಬರು ಮಷೀನಿನ ಹತ್ತಿರ ಬರುತ್ತಿರಲಿಲ್ಲ. ಬೂಟಿಗೆ ಎಣ್ಣೆ ತಾಗದಷ್ಟು ದೂರದಲ್ಲಿ, ಶೆಡ್ಡಿನ ಬಾಗಿಲಲ್ಲೇ ನಿಂತು, ಕಣ್ಣು ಮುಚ್ಚಿ, ಬಲಗಿವಿಯ ಹಿಂದೆ ಅಂಗೈ ಇಟ್ಟು ಆಲಿಸುತ್ತಿದ್ದರು. ಆಮೇಲೆ ಗಾಯನ ಮೆಚ್ಚಿದವರಂತೆ ತಲೆದೂಗಿ, "ಮೂರನೇ ರೋಲರ್ ಅಳಾಕತ್ತದ" ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ, ಮರಾಠಿ ಸೀಮೆಯ ರಾಂಜಣಗಾಂವದ ನಮ್ಮ ಕಾರ್ಖಾನೆಯಲ್ಲಿ ಅವರು ದುರಸ್ತಿ ವಿಭಾಗದ ಮುಖ್ಯಸ್ಥರು. ನಾನು ಅವರ ಕೈಕೆಳಗಿನ ಇಂಜಿನಿಯರ್. ಇಬ್ಬರೂ ಧಾರವಾಡದ ಕಡೆಯವರೆಂಬ ಒಂದೇ ಕಾರಣಕ್ಕೆ ಅವರ ಜ್ಞಾನದ ಪ್ರಸಾದ ಹೆಚ್ಚಾಗಿ ನನಗೇ ಸಿಗುತ್ತಿತ್ತು. "ಹಿರೇಮಠ, ನಿನಗ ಅಳತಿಪಟ್ಟಿ ಬೇಕಾಗ್ತದ. ನನಗ ದೇವರು ಕಿವಿ ಕೊಟ್ಟಾನ."

ಒಮ್ಮೆ ಮಾಲೀಕರನ್ನೇ ಬಾಗಿಲಿಗೆ ಕರೆತಂದು ಮೂರನೇ ರೋಲರಿನ ಅಳುವನ್ನು ವರ್ಣಿಸಿದರು. ಅವತ್ತು ಮೋಟಾರ್ ಕೆಟ್ಟು ನಮ್ಮ ಲೈನೇ ನಿಂತಿತ್ತು. ಅಳುತ್ತಿದ್ದುದು ಪಕ್ಕದ ಶೆಡ್ಡಿನ ಗ್ರೈಂಡರು. ಮೆಲ್ಲಗೆ ಸಾಹೇಬರ ಕಿವಿಯಲ್ಲಿ ಹೇಳಿದೆ. ಅವರು ಅಳುಕಲಿಲ್ಲ. "ನಿಂತ ಮಷೀನಿನ ನೋವೂ ನನಗ ಕೇಳಸ್ತದಲೇ" ಎಂದರು. ಅವರಿಗೆ ಬಡ್ತಿ ಬಂತು.

ಆ ಲೈನಿನ ಕೆಲಸದಲ್ಲಿ ಗೂಢವಾದದ್ದೇನೂ ಇರಲಿಲ್ಲ. ದೊಡ್ಡ ಸುರುಳಿಯಿಂದ ಬಿಚ್ಚಿಕೊಂಡ ಉಕ್ಕಿನ ತಗಡು ರೋಲರುಗಳ ನಡುವೆ ನೆಟ್ಟಗೆ ಹಾಯ್ದು ಪ್ರೆಸ್ಸಿಗೆ ಹೋಗಬೇಕು. ರೋಲರು ವಾರೆಯಾದರೆ ತಗಡು ಒಂದು ಮಗ್ಗುಲಿಗೆ ಸರಿಯುತ್ತದೆ. ಆಗ ಲೈನು ನಿಲ್ಲಿಸಿ, ಬೋಲ್ಟು ಸಡಿಲಿಸಿ, ಎರಡೂ ತುದಿ ಅಳೆದು ರೋಲರನ್ನು ಸಮ ಮಾಡಬೇಕು. ಅರ್ಧ ದಿನ ಹಿಡಿಯುತ್ತದೆ. ಸಾಹೇಬರ ಉಪಾಯಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ಒಂದು ದಿನ ರೋಲರ್ ವಾರೆಯಾದಾಗ ಆಪರೇಟರ್ ಬಬನನ ಕೈಗೆ ಒಂದು ಕಟ್ಟಿಗೆ ಕೊಟ್ಟು, ಸರಿದ ತಗಡನ್ನು ಒಳಕ್ಕೆ ನೂಕುತ್ತ ನಿಲ್ಲು ಎಂದರು.

"ಸಾಹೇಬ್ರ, ರೋಲರ್ ವಾರಿ ಆಗೇದ. ಲೈನ್ ನಿಲ್ಲಸೋಣ್ರಿ. ಮನಷ್ಯಾನ ಕೈ ಅದು" ಎಂದೆ.

"ಲೈನ್ ನಿಂತ್ರ ಮ್ಯಾಲಿನವರಿಗೆ ಉತ್ತರಾ ಕೊಡಾಂವ ನೀ ಏನು?"

ಮರುದಿನ ಊಟದ ಗಂಟೆಗೆ ಸ್ವಲ್ಪ ಮುಂಚೆ ತಗಡಿನ ಅಂಚು ಮಡಚಿಕೊಂಡು, ಕಟ್ಟಿಗೆಯನ್ನೂ ಅದನ್ನು ಹಿಡಿದ ಕೈಯನ್ನೂ ರೋಲರಿನತ್ತ ಎಳೆದುಕೊಂಡಿತು. ಓಡಿಹೋಗಿ ಕೆಂಪು ಗುಂಡಿ ಒತ್ತಿದೆ. ಬಬನನ ಎರಡು ಬೆರಳು ಹೋದವು. ಸಾಹೇಬರು ಅವತ್ತೂ ಬಾಗಿಲು ದಾಟಿ ಒಳಗೆ ಬರಲಿಲ್ಲ.

ವಿಚಾರಣೆಯಲ್ಲಿ ಅವರು, ಬಬನನ ಲಕ್ಷ್ಯ ಎಲ್ಲೋ ಇತ್ತು ಎಂದರು. ನಾನು ರೋಲರ್ ಅಳೆಸಿ ತೋರಿಸಿ, ಕಟ್ಟಿಗೆ ಕೊಟ್ಟವರು ಯಾರೆಂದು ಅವರೆದುರೇ ಹೇಳಿದೆ. ನನ್ನನ್ನು ತಳೇಗಾಂವದ ಗೋದಾಮಿಗೆ ಎತ್ತಿಹಾಕಿದರು. ಕಾರ್ಮಿಕರೆಲ್ಲ ಕೆಲಸ ಬಿಟ್ಟು ಕುಳಿತ ಮೇಲೆ ಬಬನನಿಗೆ ಗೇಟಿನ ಕಾವಲು ಸಿಕ್ಕಿತು. ಸಾಹೇಬರು ಮಾತ್ರ ಬೇರೆ ಬೇರೆ ಕಾರ್ಖಾನೆಗಳಿಗೆ ಹೋಗಿ ಸುರಕ್ಷತೆಯ ಮೇಲೆ ಭಾಷಣ ಮಾಡತೊಡಗಿದರು. ಬಹಳ ಚೆನ್ನಾಗಿ ಮಾತಾಡುತ್ತಿದ್ದರಂತೆ.

ಕೆಲವು ವರ್ಷಗಳ ನಂತರ ಅವರ ನಿವೃತ್ತಿಯ ಸಮಾರಂಭಕ್ಕೆ ನನಗೂ ಕರೆ ಬಂತು. ಶಾಲು, ಹಾರ, ಹೊಗಳಿಕೆ ಎಲ್ಲ ಆದ ಮೇಲೆ ಸಾಹೇಬರು ಬಬನನನ್ನು ಕರೆಸಿ, ಫೋಟೋಕ್ಕಾಗಿ ಅವನ ಹೆಗಲ ಮೇಲೆ ಕೈ ಹಾಕಿದರು. ಇವನಿಗೆ ಅನ್ನದ ದಾರಿ ತೋರಿಸಿದವನು ನಾನೇ ಎಂದು ಮರಾಠಿಯಲ್ಲಿ ಸಭೆಗೆ ಸಾರಿದರು. ಜನ ಚಪ್ಪಾಳೆ ಹೊಡೆದರು. ಬಬನ ಹೆಗಲು ಜಾರಿಸಿಕೊಂಡು ಗೇಟಿಗೆ ಹೋದ.

ಸಾಹೇಬರನ್ನು ಬೀಳ್ಕೊಡಲು ನಾವೆಲ್ಲ ಗೇಟಿನವರೆಗೆ ನಡೆದೆವು. ಅವರ ಕಾರು ಹಾರ್ನ್ ಹಾಕಿತು. ಗೇಟು ತೆರೆಯಲಿಲ್ಲ.

"ಡಿಕ್ಕಿ ಉಘಡಾ, ಸಾಹೇಬ" ಎಂದ ಬಬನ.

ಹೊರಗೆ ಹೋಗುವ ಪ್ರತಿಯೊಂದು ಗಾಡಿಯ ಡಿಕ್ಕಿ ತೆರೆಸಿ ನೋಡಬೇಕೆಂಬುದು ಕಾರ್ಖಾನೆಯ ನಿಯಮ. ಸಾಹೇಬರ ಗಾಡಿಗೆ ಅದನ್ನು ಯಾರೂ ಹಚ್ಚಿರಲಿಲ್ಲ. ಅವರು ಕಿಟಕಿಯಿಂದ ನನ್ನತ್ತ ತಿರುಗಿದರು. "ಹಿರೇಮಠ, ನಾ ಯಾರು ಅಂತ ಇವಗ ಹೇಳಲೇ."

"ಅವಗ ಗೊತ್ತದ್ರಿ" ಎಂದೆ.

ಸಾಹೇಬರು ಇಳಿದು ತಾವೇ ಡಿಕ್ಕಿ ತೆರೆದರು. ಬಬನ ಉಳಿದ ಬೆರಳುಗಳಿಂದ ಹಾರಗಳನ್ನು ಒಂದೊಂದಾಗಿ ಎತ್ತಿ, ಕೆಳಗೆ ಬಗ್ಗಿ ನೋಡಿ, ಮತ್ತೆ ಜೋಡಿಸಿಟ್ಟ. ಅವಸರ ಮಾಡಲಿಲ್ಲ. ಅಷ್ಟು ಹೊತ್ತೂ ಶಾಲು ಹೊದ್ದ ಇನಾಮದಾರರು ಬಿಸಿಲಿನಲ್ಲಿ ನಿಂತಿದ್ದರು. ನಾನು ಅವರನ್ನು ಕಂಡದ್ದು ಅದೇ ಕೊನೆ.