ಸ್ವೀಡನ್ನಿನ ಬಸಣ್ಣ

ನನಗೆ ಫುಟ್‌ಬಾಲ್ ತಿಳಿಯುವುದಿಲ್ಲ. ವಿನಯಕ್ಕೆ ಹೇಳುವ ಮಾತಲ್ಲ ಇದು. ಅರ್ಧ ಆಟ ಮುಗಿದು ತಂಡಗಳು ದಿಕ್ಕು ಬದಲಿಸಿದ ಮೇಲೆ ಚೆಂಡು ಯಾವ ಬಲೆಗೆ ಬಿದ್ದರೆ ನಾವು ಸಂತೋಷಪಡಬೇಕು ಎಂಬುದು ನನಗೆ ಪ್ರತಿ ಸಲವೂ ತಪ್ಪುತ್ತಿತ್ತು. ಅಂಥವನು ನಾನು, ಸ್ವೀಡನ್ನಿನ ಯಾವುದೋ ಸಣ್ಣ ಊರಿನ ಫುಟ್‌ಬಾಲ್ ಕೋಚಿನ ನೌಕರಿ ಉಳಿಯಲಿ ಎಂದು ಕೆನಡಾದ ವಾನ್ ಎಂಬ ನಮ್ಮ ಊರಿನಿಂದ ಕಾರು ಹೊಡೆದುಕೊಂಡು ಹೋಗಿ ದೇವಸ್ಥಾನದಲ್ಲಿ ಅರ್ಚನೆ ಮಾಡಿಸಿ ಬಂದಿದ್ದೇನೆ. ಆ ಮನುಷ್ಯನಿಗೆ ಇದು ಗೊತ್ತಿಲ್ಲ. ಗೊತ್ತಾದರೂ ನನ್ನ ಮೇಲೆ ಕೇಸು ಹಾಕಲು ಬರುವುದಿಲ್ಲ ಎಂದು ಮಗಳು ಧೈರ್ಯ ಹೇಳಿದ್ದಾಳೆ.

ಅವನಿಗೆ ಅವನ ತಂದೆತಾಯಿ ಇಟ್ಟ ಹೆಸರೊಂದಿದೆ. ಅದನ್ನು ಉಚ್ಚರಿಸಲು ಬಾಯಿಯನ್ನು ಯಾವ ಆಕಾರಕ್ಕೆ ತರಬೇಕೆಂದು ನಮಗೆ ಕೊನೆಗೂ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಅವನು ಬಸಣ್ಣ. ಹೆಸರಿಟ್ಟವಳು ನನ್ನ ಹೆಂಡತಿ ಗಿರಿಜಾ. ಅವಳು ಈ ಮಾರ್ಚಿನಲ್ಲಿ ತೀರಿಕೊಂಡಳು. ಸ್ವೀಡನ್ನಿನಲ್ಲಿ ಫುಟ್‌ಬಾಲ್ ಏಪ್ರಿಲ್‌ಗೆ ಶುರುವಾಗುತ್ತದೆ. ಅವಳ ಸೀರೆಗಳನ್ನು ಮಗಳು ವೀಣಾ ಒಯ್ದಳು, ರೊಟ್ಟಿಯ ಹಂಚನ್ನು ಗಿರಿಜಾಳ ಗೆಳತಿಯೊಬ್ಬಳು ಕೇಳಿ ತೆಗೆದುಕೊಂಡಳು. ಬಸಣ್ಣ ನನ್ನ ಪಾಲಿಗೆ ಬಂದ.

ಇದೆಲ್ಲ ಶುರುವಾದದ್ದು ತೊಂಬತ್ನಾಲ್ಕರ ಬೇಸಿಗೆಯಲ್ಲಿ, ವಿಶ್ವಕಪ್ ಪಕ್ಕದ ಅಮೆರಿಕದಲ್ಲಿ ನಡೆದಾಗ. ನಮ್ಮ ಬೀದಿಯ ಮುಕ್ಕಾಲು ಮನೆಗಳು ಇಟಲಿಯವರವು. ಪಕ್ಕದ ಮನೆಯ ಟೋನಿ ಬೇಸಿಗೆ ಬಂತೆಂದರೆ ಮನೆಯೊಳಗೆ ಇರುತ್ತಿರಲಿಲ್ಲ. ಗ್ಯಾರೇಜಿನಲ್ಲಿ ಸೋಫಾ, ಟೀವಿ, ಫ್ರಿಜ್ಜು ಹಾಕಿಕೊಂಡು ಬಾಗಿಲು ಮೇಲೆತ್ತಿ ಅಲ್ಲೇ ಸಂಸಾರ ನಡೆಸುತ್ತಿದ್ದ. ಕಾರು ಮಾತ್ರ ಬಿಸಿಲಲ್ಲಿ ನಿಂತಿರುತ್ತಿತ್ತು. ಒಂದು ಮಧ್ಯಾಹ್ನ ಬಟ್ಟಲು ಹಿಂದಿರುಗಿಸಲು ಹೋದ ಗಿರಿಜಾಳನ್ನು ಟೋನಿಯ ಹೆಂಡತಿ ಸೋಫಾದ ಮೇಲೆ ಕೂರಿಸಿದಳು. ಸ್ವೀಡನ್ನಿನ ಆಟ ನಡೆದಿತ್ತು. ನಾನು ಬೋಲ್ಟನ್ನಿನ ಗೋಡಾನಿನಿಂದ ಶಿಫ್ಟ್ ಮುಗಿಸಿ ಬಂದಾಗ ಮನೆಯಲ್ಲಿ ಅನ್ನವಾಗಿರಲಿಲ್ಲ, ಗ್ಯಾರೇಜಿನಲ್ಲಿ ಹೆಂಡತಿ ನಿಂತು ಕೂಗುತ್ತಿದ್ದಳು.

"ನೋಡ್ರಿ, ನೋಡ್ರಿ ಆ ಹಳದಿ ಅಂಗ್ಯಾಂವನ್ನ! ಅಲ್ಲಾಡವಲ್ಲ! ಗುಡಿ ಮುಂದ ಬಸವಣ್ಣ ಕುಂತಂಗ ಅದಾನ!"

ಹಳದಿ ಅಂಗಿಯವನು ಡಿಫೆಂಡರ್. ಎತ್ತರದ ಆಳು, ಅಗಲ ಹಣೆ, ಮುಖದಲ್ಲಿ ಯಾವ ಭಾವವೂ ಇಲ್ಲ. ಎದುರಿನವರು ಓಡಿ ಬಂದು ಇವನಿಗೆ ಬಡಿದು ಹಿಂದಕ್ಕೆ ಹೋಗುತ್ತಿದ್ದರು. ಇವನು ಚೆಂಡನ್ನು ದೂರ ಒದ್ದು, ಚಡ್ಡಿಗೆ ಕೈ ಒರೆಸಿಕೊಂಡು ಮತ್ತೆ ನಿಂತಲ್ಲೇ ನಿಲ್ಲುತ್ತಿದ್ದ. ಅಂದಿನಿಂದ ಅವನು ಬಸಣ್ಣನಾದ.

ಗೋಲು ಹೊಡೆಯುವವರೆಂದರೆ ಗಿರಿಜಾಳಿಗೆ ಅಷ್ಟಕ್ಕಷ್ಟೆ. ಯಾರಾದರೂ ಸ್ವಲ್ಪ ತಾಗಿದ್ದಕ್ಕೆ ಬಿದ್ದು ಹೊರಳಾಡಿದರೆ, "ಹಬ್ಬದ ದಿನಾ ಕೆಲಸಾ ಹೇಳಿದ್ರ ತಲಿನೋವು ಅನ್ನೋ ಸೊಸಿ ನೋಡು" ಎಂದು ಮುಖ ತಿರುಗಿಸುತ್ತಿದ್ದಳು. ಧಾರವಾಡದಲ್ಲಿ ಅವಳ ಸೋದರತ್ತೆ ಒಬ್ಬರಿದ್ದರು. ಯಾರ ಮನೆಯ ಮದುವೆಯಾದರೂ ಉಗ್ರಾಣದ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುವುದು ಅವರೇ. ತುಪ್ಪ, ಗೋಡಂಬಿ, ಲಾಡು ಎಲ್ಲ ಒಳಗೆ. ಅಡಿಗೆಯವರು ನೆಪ ಹೇಳಿಕೊಂಡು ಬರುತ್ತಿದ್ದರು, ಹುಡುಗರು ಕಾಲ ಸಂದಿಯಲ್ಲಿ ನುಸುಳಲು ನೋಡುತ್ತಿದ್ದರು, ಬೀಗರ ಕಡೆಯವರು ದೊಡ್ಡವರ ಹೆಸರು ಹೇಳಿಕೊಂಡು ಬರುತ್ತಿದ್ದರು. ಅತ್ತೆ ಒಬ್ಬರನ್ನೂ ಬಿಟ್ಟವರಲ್ಲ. ಅವರು ಕಾದದ್ದರಿಂದಲೇ ಕೊನೆಯ ಪಂಕ್ತಿಯವರೆಗೆ ಲಾಡು ಉಳಿಯುತ್ತಿತ್ತು. ಆದರೆ ಮದುವೆಯ ಒಂದು ಫೋಟೋದಲ್ಲಿಯೂ ಅವರಿಲ್ಲ. ಬಸಣ್ಣ ಅವರ ಜಾತಿಯವನು ಎಂದು ಗಿರಿಜಾ ತೀರ್ಮಾನಿಸಿದಳು.

ಆಫ್‌ಸೈಡ್ ಎಂಬ ನಿಯಮವನ್ನು ಟೋನಿ ನಮಗಿಬ್ಬರಿಗೂ ಟೊಮೆಟೊ ಹಣ್ಣುಗಳನ್ನು ಸೋಫಾದ ಮೇಲಿಟ್ಟು ವಿವರಿಸಿದ. ನನಗೆ ಟೊಮೆಟೊ ಬಿಟ್ಟು ಬೇರೇನೂ ತಿಳಿಯಲಿಲ್ಲ. ಗಿರಿಜಾ ತಕ್ಷಣ ಹಿಡಿದಳು.

"ಅಷ್ಟs ಅಲ್ಲೇನ್ರಿ? ಊಟದ ಮನ್ಯಾಗ ಮೊದಲನೇ ಪಂಕ್ತಿ ಇನ್ನೂ ಉಣ್ಣಾಕತ್ತಿರ್ತೈತಿ. ಅಷ್ಟರಾಗ ಕೆಲವ್ರು ಹೋಗಿ ಉಣ್ಣೋರ ಖುರ್ಚಿ ಹಿಂದ ನಿಂತಿರ್ತಾರ, ಮಜ್ಜಿಗಿ ಬಂತೋ ಇಲ್ಲೋ ಅಂತ ನೋಡ್ಕೋತ. ಹಂಗ ನಿಲ್ಲಬಾರದು. ಅದs ಆಫ್‌ಸೈಡು."

ನಾನು ಇಂಗ್ಲಿಷಿನಲ್ಲಿ ಟೋನಿಗೆ ಹೇಳಿದೆ. ಅವನು ಟೊಮೆಟೊಗಳನ್ನು ಎತ್ತಿಡುತ್ತಾ, ತನ್ನ ತಮ್ಮನ ಮದುವೆಯಲ್ಲಿ ಇಂಥ ಬಹಳ ಜನರಿದ್ದರು ಎಂದ.

ಸೆಮಿಫೈನಲ್‌ನಲ್ಲಿ ಬ್ರೆಜಿಲ್ ಒಂದೇ ಗೋಲಿನಿಂದ ಸ್ವೀಡನ್ನನ್ನು ಸೋಲಿಸಿತು. ಅಂದು ಗಿರಿಜಾ ಊಟ ಮಾಡಲಿಲ್ಲ. "ತಡದದ್ದು ಯಾರೂ ಎಣಸೂದಿಲ್ಲ ನೋಡ್ರಿ" ಎಂದು ಒಂದೇ ಮಾತು ಹೇಳಿದಳು. ಸ್ವೀಡನ್ನಿಗೆ ಮೂರನೆಯ ಸ್ಥಾನ ಬಂದದ್ದಕ್ಕೆ ಮರುದಿನ ಸಂಜೆ ಶಿರಾ ಮಾಡಿ ಬೀದಿಗೆಲ್ಲ ಹಂಚಿದಳು. ಆ ಹೊತ್ತಿಗೆ ಇಟಲಿಯೂ ಫೈನಲ್‌ನಲ್ಲಿ ಸೋತಿತ್ತು. ಗ್ಯಾರೇಜು ಗ್ಯಾರೇಜಿನಲ್ಲೂ ಗಂಡಸರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಅವರ ನಡುವೆ ಇವಳೊಬ್ಬಳು ಸೀರೆಯುಟ್ಟು ಶಿರಾದ ತಟ್ಟೆ ಹಿಡಿದು ಮನೆಮನೆಗೆ ಹೋದಳು. ಪಾಪ, ಅವರು ಅದನ್ನು ಸಾಂತ್ವನಕ್ಕೆ ತಂದದ್ದೆಂದು ತಿಂದರು.

ಮುಂದೆ ಬಸಣ್ಣನನ್ನು ಇಟಲಿಯ ಒಂದು ತಂಡ ಕೊಂಡುಕೊಂಡಿತು. ಗಿರಿಜಾಳಿಗೆ ಅವನು ನಮ್ಮ ಓಣಿಗೇ ಮನೆ ಮಾಡಿ ಬಂದಷ್ಟು ಸಂಭ್ರಮ. ಇಲ್ಲಿ ಭಾನುವಾರ ಬೆಳಿಗ್ಗೆ ಇಟಲಿಯ ಆಟಗಳು ಟೀವಿಯಲ್ಲಿ ಬರುತ್ತಿದ್ದವು. ಅವಳು ಬೆಳ್ಳುಳ್ಳಿಯ ಬುಟ್ಟಿ ಹಿಡಿದು ಟೋನಿಯ ಗ್ಯಾರೇಜಿಗೆ, ಚಳಿಗಾಲದಲ್ಲಿ ಅವನ ಬೇಸ್‌ಮೆಂಟಿಗೆ, ಹೊರಟುಬಿಡುತ್ತಿದ್ದಳು. ಕೈ ಸುಮ್ಮನಿದ್ದರೆ ಅವಳಿಗೆ ಆಟ ನೋಡಲು ಬರುತ್ತಿರಲಿಲ್ಲ. ಆಟವಿಡೀ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಎದುರಿನವರು ನುಗ್ಗಿ ಬಂದಾಗ ಬೇಗ ಬೇಗ, ಬಸಣ್ಣ ಚೆಂಡು ಹೊರಗೆ ಒದ್ದಾಗ ನಿಧಾನಕ್ಕೆ.

ಆಮೇಲೆ ಬಸಣ್ಣನ ಮೊಣಕಾಲು ಕೈಕೊಟ್ಟಿತು. ಗಿರಿಜಾ ಟೀವಿಗೆ ಹರಳೆಣ್ಣೆ ಮತ್ತು ಎಕ್ಕೆ ಎಲೆಯ ಚಿಕಿತ್ಸೆಯನ್ನು ಕನ್ನಡದಲ್ಲಿ ವಿವರವಾಗಿ ಹೇಳಿದಳು. ಬಸಣ್ಣನಿಗೆ ಕೇಳಲಿಲ್ಲ, ಟೋನಿಗೆ ಕೇಳಿತು. ಅವನಿಗೂ ಮೊಣಕಾಲು ನೋವಿತ್ತು. ಕೆನಡಾದಲ್ಲಿ ಎಕ್ಕೆ ಎಲ್ಲಿ ಸಿಗಬೇಕು? ಬರಿಯ ಹರಳೆಣ್ಣೆಯನ್ನೇ ಬಿಸಿ ಮಾಡಿ ಹಚ್ಚಿಕೊಂಡು ಬಿಳಿಯ ಸೋಫಾದ ಮೇಲೆ ಕಾಲು ಚಾಚಿ ಕೂತ. ನೋವು ಹೋಯಿತಂತೆ. ಎಣ್ಣೆಯ ಕಲೆ ಹೋಗಲಿಲ್ಲ. ಅವನ ಹೆಂಡತಿ ಒಂದು ತಿಂಗಳು ನಮ್ಮ ಜೊತೆ ಮಾತು ಬಿಟ್ಟಿದ್ದಳು.

ಬಸಣ್ಣ ಆಟ ನಿಲ್ಲಿಸಿ ತನ್ನ ದೇಶಕ್ಕೆ ಹೋಗಿ ಕೋಚಾದ. ಮೊದಲು ಯಾರದೋ ಕೈಕೆಳಗೆ, ಆಮೇಲೆ ಒಂದು ಸಣ್ಣ ತಂಡಕ್ಕೆ ತಾನೇ ಯಜಮಾನ. ಇದು ಗಿರಿಜಾಳಿಗೆ ಹಿಡಿಸಲಿಲ್ಲ.

"ಕೋಚ್ ಅಂದ್ರ ಅತ್ತಿ ಇದ್ದಂಗ. ಒಂದು ಕೆಲಸಾ ಮಾಡಂಗಿಲ್ಲ, ಬಾಗಲಾಗ ನಿಂತು ಒದರೂದು. ಗೆದ್ರ ನಾ ಕಲಸೇನಿ ಅನ್ನೂದು, ಸೋತ್ರ ಸೊಸಿಗೆ ಬುದ್ಧಿ ಇಲ್ಲ ಅನ್ನೂದು."

ಅದೇ ವರ್ಷ ಗೋಡಾನಿನಲ್ಲಿ ನನ್ನನ್ನು ಸೂಪರ್‌ವೈಸರ್ ಮಾಡಿದ್ದರು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವೂ ಹಿಂಗs ಕೈ ಕಟ್ಕೊಂಡು ನಿಂತಿರ್ತೀರೇನು?" ಎಂದು ಕೇಳಿದಳು. ನಾನು ಇಲ್ಲವೆಂದೆ. ಮರುದಿನ ಲಾರಿ ಖಾಲಿ ಮಾಡಿಸುವಾಗ ನೋಡಿಕೊಂಡರೆ ಕೈ ಕಟ್ಟಿಯೇ ನಿಂತಿದ್ದೆ.

ಆದರೂ ಗಿರಿಜಾ ಅವನನ್ನು ಬಿಡಲಿಲ್ಲ. ಬಸಣ್ಣ ಅತ್ತೆಯಾದರೇನು, ನಮ್ಮವನೇ ಅಲ್ಲವೇ? ಅವನ ತಂಡದ ಆಟ ಇಲ್ಲಿಯ ಟೀವಿಯಲ್ಲಿ ಬರುವುದಿಲ್ಲ. ವೀಣಾ ಕಂಪ್ಯೂಟರ್ ತಂದು ಕೊಟ್ಟು ಸ್ವೀಡನ್ನಿನ ಒಂದು ಪುಟ ತೆಗೆಯುವುದನ್ನು ಕಲಿಸಿದಳು. ಅಕ್ಷರ ಒಂದೂ ತಿಳಿಯುತ್ತಿರಲಿಲ್ಲ, ಆದರೆ ಅಂಕಿಗಳು ಎಲ್ಲಿಯವಾದರೂ ಅಂಕಿಗಳೇ. ಭಾನುವಾರ ನಮ್ಮ ಬೇಸ್‌ಮೆಂಟಿನಿಂದ ಅವಳ ದನಿ ಮೇಲೆ ಬರುತ್ತಿತ್ತು. "ಏನ್ರಿ, ಬಸಣ್ಣ ಒಂಬತ್ತನೇದಾಂವ ಆದ!" ಮಗಳ ಶಾಲೆಯ ರ‍್ಯಾಂಕನ್ನೂ ಅವಳು ಇಷ್ಟು ಜೋರಾಗಿ ಹೇಳಿದವಳಲ್ಲ.

ಈ ವರ್ಷ ಕಂಪ್ಯೂಟರಿನ ಮುಂದೆ ಅವಳ ಖುರ್ಚಿಯಲ್ಲಿ ನಾನು ಕೂತೆ. ಬಸಣ್ಣ ಸೋಲಲು ಶುರು ಮಾಡಿದ. ಸೀಸನ್ನಿನ ಕೊನೆಗೆ ಪಟ್ಟಿಯ ತಳದಲ್ಲಿರುವವರನ್ನು ಕೆಳಗಿನ ದರ್ಜೆಗೆ ಇಳಿಸುತ್ತಾರೆ. ಇಳಿದ ತಂಡದ ಕೋಚು ಸಾಮಾನ್ಯವಾಗಿ ಮನೆಗೆ ಹೋಗುತ್ತಾನೆ. ಬಸಣ್ಣನ ತಂಡ ಬೇಸಿಗೆ ಮುಗಿಯುವಷ್ಟರಲ್ಲಿ ತಳ ಮುಟ್ಟಿತು. ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಅವಳ ಬಟ್ಟೆ, ಔಷಧಿ, ಬ್ಯಾಂಕಿನ ಕೆಲಸ ಎಲ್ಲ ಮುಗಿದಿದ್ದವು. ಅವಳ ಪರವಾಗಿ ನಾನು ಮಾಡುವುದು ಎಂದು ಉಳಿದದ್ದು ಈ ಭಾನುವಾರದ ಕೆಲಸ ಒಂದೇ. ಬಸಣ್ಣನ ನೌಕರಿ ಹೋದರೆ ಅದೂ ಹೋಗುತ್ತಿತ್ತು.

ತಪ್ಪು ನಾನು ನೋಡುವ ರೀತಿಯಲ್ಲೇ ಇದೆ ಎಂದುಕೊಂಡು ಬೆಳ್ಳುಳ್ಳಿ ಸುಲಿಯಲು ಕೂತೆ. ಪರದೆಯ ಮೇಲೆ ಆಟ ಕಾಣುವುದಿಲ್ಲ, ಅಂಕಿ ಬದಲಾಗುವುದಷ್ಟೇ. ಆದರೂ ಪೂರ್ತಿ ಆಟದ ಹೊತ್ತು ಸುಲಿದೆ. ಬಸಣ್ಣ ಒಂದು ಆಟ ಗೆದ್ದ! ಅಲ್ಲಿಗೆ ನನ್ನ ಬುದ್ಧಿ ಪೂರ್ತಿ ಹೋಯಿತು. ಒಬ್ಬನಿಗೆ ಎಷ್ಟು ಬೆಳ್ಳುಳ್ಳಿ ಬೇಕು? ಡಬ್ಬಿ ತುಂಬಿತು, ಫ್ರಿಜ್ಜು ತುಂಬಿತು, ಹಾಲಿಗೂ ವಾಸನೆ ಹಿಡಿಯಿತು. ಟೋನಿಗೆ ಚೀಲಗಟ್ಟಲೆ ಕೊಟ್ಟೆ. ಅವನು ಕಾರಣ ಕೇಳದೆ ತೆಗೆದುಕೊಂಡ. ಓಕ್‌ವಿಲ್‌ನಿಂದ ಬಂದ ವೀಣಾ ಫ್ರಿಜ್ಜಿನ ಬಾಗಿಲು ತೆಗೆದು ಹಿಂದೆ ಸರಿದಳು.

"ಅಪ್ಪಾ, ದಿಸ್ ಈಸ್ ನಾಟ್ ಹೆಲ್ದಿ."

"ಬಳ್ಳೊಳ್ಳಿ ಹೆಲ್ದಿ ಅಲ್ಲೇನು? ನಿಮ್ಮ ಡಾಕ್ಟರs ಹೇಳ್ತಾರಲ್ಲ."

"ಐ ಡೋಂಟ್ ಮೀನ್ ದ ಗಾರ್ಲಿಕ್, ಅಪ್ಪಾ."

ಕೊನೆಯ ಆಟಕ್ಕೆ ಒಂದು ವಾರ ಉಳಿದಿತ್ತು. ಗೆದ್ದರೆ ಬಸಣ್ಣ ಉಳಿಯುತ್ತಾನೆ, ಇಲ್ಲವಾದರೆ ಇಲ್ಲ. ಬೆಳ್ಳುಳ್ಳಿಯೊಂದರ ಮೇಲೇ ಭಾರ ಹಾಕುವುದು ಸರಿಯಲ್ಲವೆಂದು ದೇವಸ್ಥಾನಕ್ಕೆ ಹೋದೆ. ಅರ್ಚಕರು ಮೈಸೂರು ಕಡೆಯವರು, ಪರಿಚಿತರು.

"ಅರ್ಚನೆ ಯಾರ ಹೆಸ್ರಿಗೆ ಯಜಮಾನ್ರೇ?"

"ಬಸವರಾಜ ಅಂತ ಹೇಳ್ರಿ."

"ನಿಮಗೇನಾಗ್ಬೇಕು ಅವ್ರು?"

"ನಮ್ಮ ಮನಿಯವ್ರ ಕಡ್ಯಾವ್ರು."

"ಸರಿ. ಗೋತ್ರ?"

ನಾನು ಚಾವಣಿ ನೋಡಿದೆ. "ಗೊತ್ತಿಲ್ರಿ. ಅವ್ರು ಬ್ಯಾರೆ ದೇಶದಾಗ ಇರ್ತಾರ."

"ಗೊತ್ತಿಲ್ದೋರಿಗೆಲ್ಲ ಕಾಶ್ಯಪ ಗೋತ್ರ. ನಕ್ಷತ್ರನಾದ್ರೂ ಗೊತ್ತಾ?"

"ರೋಹಿಣಿ" ಎಂದೆ.

ಯೋಚಿಸಿ ಹೇಳಿದ್ದಲ್ಲ. ಮದುವೆಯಾದಾಗಿನಿಂದ ಪ್ರತಿ ಅರ್ಚನೆಗೂ ನನ್ನ ನಕ್ಷತ್ರದ ಬೆನ್ನಿಗೆ ಗಿರಿಜಾಳದು ಹೇಳಿ ನಾಲಿಗೆಗೆ ಅಭ್ಯಾಸ. ತೀರಿಕೊಂಡವರ ಹೆಸರಿನಲ್ಲಿ ಅರ್ಚನೆ ಮಾಡಿಸುವುದಿಲ್ಲ. ಮಾರ್ಚಿನಿಂದ ಆ ನಕ್ಷತ್ರವನ್ನು ಎಲ್ಲಿಯೂ ಹೇಳುವ ಹಾಗಿರಲಿಲ್ಲ. ಬಾಯಲ್ಲೇ ಸುಮ್ಮನೆ ಕೂತಿತ್ತು. ಅರ್ಚಕರಿಗೆ ಇದೇನೂ ತಿಳಿಯದು. "ರೋಹಿಣಿ ನಕ್ಷತ್ರ, ವೃಷಭ ರಾಶಿ, ಉದ್ಯೋಗ ಸ್ಥಿರತೆ" ಎಂದು ಗಟ್ಟಿಯಾಗಿ ಸಂಕಲ್ಪ ಮಾಡಿದರು. ವೃಷಭ ಎಂದದ್ದು ಕೇಳಿ ನಗು ಬಂತು, ಬಸಣ್ಣನಿಗೆ ಬೇರೆ ಯಾವ ರಾಶಿ ಹೊಂದೀತು? ನಕ್ಕೆನೋ ಅತ್ತೆನೋ, ಅರ್ಚಕರು ಮಂತ್ರದ ನಡುವೆಯೇ ಒಮ್ಮೆ ನನ್ನ ಕಡೆ ನೋಡಿ ತೀರ್ಥ ಸ್ವಲ್ಪ ಹೆಚ್ಚಿಗೆ ಕೊಟ್ಟರು. ಫಲಾನುಭವಿ ಸ್ವೀಡನ್ನಿನಲ್ಲಿದ್ದ ಕಾರಣ ಪ್ರಸಾದದ ತೆಂಗಿನಕಾಯಿಯನ್ನು ನಾನೇ ಚಟ್ನಿ ಮಾಡಿಕೊಂಡೆ. ಬೆಳ್ಳುಳ್ಳಿಗೇನೂ ಕೊರತೆಯಿರಲಿಲ್ಲ.

ಭಾನುವಾರದ ಆಟ ಸಮನಾಯಿತು. ಗೆಲ್ಲಲಿಲ್ಲ. ಎರಡು ದಿನಕ್ಕೆ ಆ ಪುಟದಲ್ಲಿ ಬಸಣ್ಣನ ಫೋಟೋ ಬಂತು. ತಲೆ ಬೆಳ್ಳಗಾಗಿತ್ತು. ಕೈಯಲ್ಲಿ ಒಂದು ಬ್ಯಾಗು, ಹಿಂದೆ ಮೈದಾನದ ಗೇಟು. ಓದಲು ಬಾರದಿದ್ದರೂ ಸುದ್ದಿ ಏನೆಂದು ತಿಳಿಯಿತು. ಟೋನಿಗೆ ಹೇಳಿದೆ. ಅವನು ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಅವನೂ ಗಿರಿಜಾಳ ಪಕ್ಕ ಕೂತು ಆ ಮನುಷ್ಯನ ಆಟ ನೋಡಿದವನಲ್ಲವೇ? ಆ ವಾರವೆಲ್ಲ ನಾನು ಬಸಣ್ಣನನ್ನು ನೆನೆದು ಮರುಗುತ್ತಾ ಓಡಾಡಿದೆ. ಇಷ್ಟು ವರ್ಷ ದುಡಿದವನು, ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು?

ಮುಂದಿನ ಭಾನುವಾರ ವೀಣಾ ಬಂದಳು. ಕಂಪ್ಯೂಟರ್ ಹಚ್ಚದೆ ನಾನು ಅಡಿಗೆಮನೆಯಲ್ಲಿ ಸುಮ್ಮನೆ ಕೂತಿದ್ದೆ. ಅವಳು ಎರಡು ಕಪ್ ಚಹಾ ಮಾಡಿ ಎದುರಿಗೆ ಕೂತಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅವಳು. ಅಂದು ತಾನಾಗಿಯೇ ಕನ್ನಡದಲ್ಲಿ, ಒಂದೊಂದೇ ಶಬ್ದ ಹುಡುಕಿಕೊಂಡು ಕೇಳಿದಳು.

"ಅಪ್ಪಾ, ಬಸಣ್ಣ... ಈಗ ಏನ್ ಮಾಡಾಕತ್ತಿರಬೇಕು?"

"ಏನ್ ಮಾಡ್ತಾನ. ಮನ್ಯಾಗ ಇರ್ತಾನ. ಅಡಗಿ ಮನಿ ಬಾಗಲಾಗ ಕೈ ಕಟ್ಕೊಂಡು ನಿಂತು, ಉಪ್ಪು ಹಾಕು, ಉರಿ ಸಣ್ಣ ಮಾಡು ಅಂತ ಹೇಣ್ತಿಗೆ ಕೋಚಿಂಗ್ ಮಾಡಾಕತ್ತಿರ್ತಾನ. ಆಕಿ ಲಟ್ಟಣಿಗಿ ತೋರಿಸಿ, ಕಾಲಾಗ ಕಾಲ್ ಸಿಗಸ್ಬ್ಯಾಡ, ಹೊರಗ ನಡಿ ಅಂತ ಬೈಯಾಕತ್ತಿರ್ತಾಳ."

ವೀಣಾ ಜೋರಾಗಿ ನಕ್ಕಳು. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ನೋಡಿಕೊಂಡರೆ, ಆ ಮನುಷ್ಯನ ಬಗ್ಗೆ ವಾರವಿಡೀ ಇದ್ದ ಮರುಕ ಎಲ್ಲಿ ಹೋಗಿತ್ತೋ, ಹುಡುಕಿದರೂ ಸಿಗಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚು ಮಾತ್ರ ಇತ್ತು.